ನಲ್ಲಿ ಬಂತು, ನೀರುಗಂಟಿಗೆ ಪಾಠ ಯಾವಾಗ?

ಶಿವಮೊಗ್ಗ ಜಿಲ್ಲಾ ಪಂಚಾಯತ್‌ನ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರುಗಳಿಗೆ, ಜಿಲ್ಲೆಯ ಎಲ್ಲ ಗ್ರಾಮ ಪಂಚಾಯಿತಿಗಳ ಅಧ್ಯಕ್ಷರು ಮತ್ತು ಪಿಡಿಒಗಳಿಗೆ ನಮಸ್ಕಾರ.

ನಾನು ಹೊಸನಗರ ತಾಲ್ಲೂಕಿನ ಒಂದು ಹಳ್ಳಿಯವಳು. ಸ್ವಸಹಾಯ ಸಂಘದಲ್ಲಿದ್ದೇನೆ. ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲೂ ಹೆಸರಿದೆ. ಮನೆ ಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐವರು ಹೆಂಗಸರಿಗೆ ನೀರು ಪರೀಕ್ಷೆ ಮಾಡೋದನ್ನು ಕಲಿಸಬೇಕು ಅಂತ ಇದೆ ಅಲ್ವಾ? ನಮ್ಮೂರಿನ ಆ ಐವರಲ್ಲಿ ನಾನೂ ಒಬ್ಬಳು. ಕಿಟ್ ಕೊಟ್ಟರು, ಚೆನ್ನಾಗಿಯೇ ಕಲಿಸಿದರು. ನಲ್ಲಿ ನೀರನ್ನು ಸಣ್ಣ ಕೊಳವೆಗೆ ಹಿಡಿದು ಔಷಧಿ ಹನಿ ಬಿಟ್ಟರೆ ಹಳದಿ ಬಣ್ಣ ಬರಬೇಕು. ಬಂದರೆ ಕ್ಲೋರಿನ್ ಇದೆ, ಬಾರದಿದ್ದರೆ ಇಲ್ಲ. ಇನ್ನೊಂದು ಪುಟ್ಟ ಬಾಟಲಿಗೆ ನೀರು ತುಂಬಿಸಿ ಮುಚ್ಚಿಡಬೇಕು. ಒಂದೆರಡು ದಿನದೊಳಗೆ ಅದು ಕಪ್ಪಾದರೆ ನೀರಿಗೆ ಹೊಲಸು ಸೇರಿದೆ ಅಂತ ಅನುಮಾನಿಸಬೇಕು.

ಕಪ್ಪಾದರೆ ಏನು ಮಾಡೋದು ಅಂತ ಆಗ ಕೇಳಿದ್ದೆ. "ನಿಮ್ಮ ನೀರುಗಂಟಿಗೆ ಹೇಳಿ, ಅವರು ನೋಡ್ಕೊಳ್ತಾರೆ" ಅಂದರು.

ಅಲ್ಲೇ ತೊಡಕಿರೋದು. ನೀರು ಕೆಟ್ಟಿದೆ ಅಂತ ಹೇಳುವವರಿಗೆ ಪಾಠ ಆಯಿತು. ಅದನ್ನು ಸರಿ ಮಾಡಬೇಕಾದವನಿಗೆ ಯಾರೂ ಏನೂ ಕಲಿಸಿಲ್ಲ. ಮೋಟಾರು ಹಾಕುವವನು, ವಾಲ್ವ್ ತಿರುಗಿಸುವವನು, ಒಡೆದ ಪೈಪಿಗೆ ಗುಂಡಿ ತೋಡುವವನು, ಟ್ಯಾಂಕಿಗೆ ಹತ್ತಿ ಬ್ಲೀಚಿಂಗ್ ಪೌಡರ್ ಹಾಕುವವನು, ನೀರು ಬರಲಿಲ್ಲ ಅಂತ ಬೈಸಿಕೊಳ್ಳುವವನು ಎಲ್ಲ ಒಬ್ಬನೇ, ಈ ನೀರುಗಂಟಿ. ಅವನು ಕೆಲಸ ಕಲಿತಿದ್ದು ಹಿಂದಿನ ನೀರುಗಂಟಿಯ ಜೊತೆ ಓಡಾಡಿ. ಆ ಹಿಂದಿನವನಿಗೂ ಕಲಿಸಿದವರಿರಲಿಲ್ಲ. ಪೈಪ್‌ಲೈನ್ ನಡೆಸುವವರಿಗೆ ಸರಿಯಾದ ತರಬೇತಿ ಕೊಡಿ, ಅದೂ ಲೈನ್ ಇರುವ ಜಾಗಕ್ಕೇ ಬಂದು ಕೊಡಿ ಅಂತ ಕೇಳೋದಕ್ಕೇ ಈ ಪತ್ರ.

ಅವರಿಗೆ ಏನೂ ಗೊತ್ತಿಲ್ಲ ಅಂತ ನಾನು ಹೇಳ್ತಿಲ್ಲ. ನಮ್ಮ ನೀರುಗಂಟಿ ರಾತ್ರಿ ಊರು ಮಲಗಿದ ಮೇಲೆ ಹೊರಟು, ಉದ್ದನೆ ಕಬ್ಬಿಣದ ವಾಲ್ವ್ ಕೀಯನ್ನು ಚೇಂಬರಿನೊಳಗೆ ಇಳಿಬಿಟ್ಟು ಅದರ ತುದಿಗೆ ಕಿವಿ ಕೊಡುತ್ತಾನೆ. ಎಲ್ಲಿಯಾದರೂ ಲೀಕ್ ಇದ್ದರೆ ಸೊಂಯ್ ಅಂತ ಸದ್ದು ಬರುತ್ತದಂತೆ. ನಾನೂ ಒಮ್ಮೆ ಕಿವಿ ಕೊಟ್ಟು ನೋಡಿದೆ, ನನಗೆ ಜೀರುಂಡೆ ಸದ್ದಷ್ಟೇ ಕೇಳಿಸಿತು. ಅವನು ಮಾತ್ರ ಈ ತಿರುವಿನಿಂದ ಆಚೆಗೆ, ಹಲಸಿನ ಮರದ ಕೆಳಗೆ ಅಂತ ಜಾಗ ತೋರಿಸಿದ. ಬೆಳಿಗ್ಗೆ ಅಗೆದಾಗ ಅಲ್ಲೇ ಸಿಕ್ಕಿತು. ದೊಡ್ಡ ನಗರಗಳಲ್ಲಿ ಇದೇ ಕೆಲಸಕ್ಕೆ ಯಂತ್ರ ಇದೆ. ಕಿವಿಯ ಈ ವಿದ್ಯೆ ಅವನಿಗೆ ಅನುಭವದಿಂದ ಬಂತು. ಆದರೆ ಒತ್ತಡದ ಲೆಕ್ಕ, ಕ್ಲೋರಿನ್ ಲೆಕ್ಕ, ಕರೆಂಟಿನ ಅಪಾಯ ಇವನ್ನೆಲ್ಲ ಅನುಭವದಿಂದ ಕಲಿಯಲು ಹೊರಟರೆ ಜೀವ ಹೋದೀತು. ಅವನದ್ದೋ, ನಮ್ಮದೋ.

ಮೊದಲು ನಮ್ಮ ಗುಡ್ಡದ ವಿಚಾರ ಹೇಳುತ್ತೇನೆ. ಬಯಲುಸೀಮೆಯ ಲೈನಿಗೂ ಮಲೆನಾಡಿನ ಲೈನಿಗೂ ಅಜಗಜಾಂತರ. ನಮ್ಮ ಹಿರಿಯರು ಗುಡ್ಡದ ಜರಿಯಿಂದ ಅಡಿಕೆ ದಬ್ಬೆ ಜೋಡಿಸಿ ಅಬ್ಬಿ ನೀರನ್ನು ಅಂಗಳಕ್ಕೆ ತರುತ್ತಿದ್ದರು. ನೀರು ತೆರೆದೇ ಹರಿಯುತ್ತಿತ್ತು, ಒತ್ತಡದ ಮಾತೇ ಇರಲಿಲ್ಲ. ದಬ್ಬೆ ಕೊಳೆತರೆ ಇನ್ನೊಂದು ಇಟ್ಟರೆ ಮುಗಿಯಿತು. ಈಗ ಅದೇ ಗುಡ್ಡದ ನೆತ್ತಿಯಲ್ಲಿ ಟ್ಯಾಂಕ್ ಇದೆ, ಅಲ್ಲಿಂದ ಕೆಳಗಿನ ಕೇರಿವರೆಗೆ ಮುಚ್ಚಿದ ಪೈಪು. ಪ್ರತಿ 10 ಮೀಟರ್ ಇಳಿಜಾರಿಗೆ ಪೈಪಿನೊಳಗೆ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಒತ್ತಡ ಏರುತ್ತದೆ. ಟ್ಯಾಂಕಿಗಿಂತ 80 ಮೀಟರ್ ಕೆಳಗಿರುವ ಮನೆಯ ಹತ್ತಿರ ಅದು 8 ಕಿಲೋ. ಅಲ್ಲಿ 6 ಕಿಲೋ ತಡೆಯುವ ಪೈಪು ಹಾಕಿದ್ದರೆ ಒಡೆಯದೆ ಇನ್ನೇನಾಗುತ್ತದೆ?

ಯಾವ ಪೈಪು ಎಷ್ಟು ತಡೆಯುತ್ತದೆ ಅಂತ ಪೈಪಿನ ಮೈಮೇಲೇ ಅಚ್ಚು ಹಾಕಿರುತ್ತಾರೆ. ಎಚ್‌ಡಿಪಿಇ ಅನ್ನುವ ಕಪ್ಪು ಪ್ಲಾಸ್ಟಿಕ್ ಪೈಪಿನ ಮೇಲೆ ಪಿಎನ್ 6, ಪಿಎನ್ 10 ಅಂತ ಇರುತ್ತದೆ, ಅಂದರೆ 6 ಕಿಲೋ, 10 ಕಿಲೋ ತಡೆಯುತ್ತದೆ ಅಂತ. ಆ ಅಕ್ಷರ ಓದಿ ಅರ್ಥ ಮಾಡಿಕೊಳ್ಳೋಕೆ ಐದು ನಿಮಿಷ ಸಾಕು. ಆದರೆ ಹೇಳಿಕೊಡುವವರು ಬೇಕಲ್ಲ? ಅಂಗಡಿಯಲ್ಲಿ ಸೈಜು ಕೇಳಿ ತರುತ್ತಾರೆ, ಎಷ್ಟು ಒತ್ತಡ ತಡೆಯುವ ಕ್ಲಾಸ್ ಅಂತ ಕೇಳೋದಿಲ್ಲ. 8 ಕಿಲೋ ಒತ್ತಡ ಇರುವ ಜಾಗಕ್ಕೆ 4 ಕಿಲೋ ತಡೆಯುವ ತುಂಡು ಹಾಕಿ ಮಣ್ಣು ಮುಚ್ಚುತ್ತಾರೆ. ಮತ್ತೆ ಒಡೆದಾಗ "ಮಾಲು ಡೂಪ್ಲಿಕೇಟ್" ಅಂತ ಅಂಗಡಿಯವನಿಗೆ ಬೈಗುಳ.

ನಮ್ಮಲ್ಲಿ ದೇವಸ್ಥಾನದ ಇಳಿಜಾರಿನಲ್ಲಿ ಒಂದೇ ಜಾಗದಲ್ಲಿ ಪೈಪು ಮತ್ತೆ ಮತ್ತೆ ಒಡೆಯುತ್ತದೆ. ಸೈಕಲ್ ಟ್ಯೂಬ್ ಸುತ್ತಿ, ಬೈಂಡಿಂಗ್ ವೈರ್ ಬಿಗಿದು, ಮೇಲೊಂದು ಗೋಣಿ ಹಾಕಿ ಮುಚ್ಚುತ್ತಾರೆ. ಕಪ್ಪು ಪೈಪಾದರೆ ಒಣ ಸೋಗೆಗೆ ಬೆಂಕಿ ಕೊಟ್ಟು, ಪೈಪಿನ ತುದಿಯನ್ನು ಮೆತ್ತಗೆ ಮಾಡಿ, ಒಂದರೊಳಗೆ ಒಂದು ತುರುಕುತ್ತಾರೆ. ಆ ಹೊತ್ತಿಗೆ ನೀರು ನಿಂತಿದ್ದೇ ದೊಡ್ಡದು ಅನ್ನಿಸುತ್ತದೆ, ನಿಜ. ಆದರೆ ಅಲ್ಲೇ ಯಾಕೆ ಒಡೆಯುತ್ತದೆ ಅಂತ ಕೇಳುವವರಿಲ್ಲ. ಒಂದು ಪ್ರೆಶರ್ ಗೇಜ್ ಹಚ್ಚಿ ನೋಡಿದರೆ ಗೊತ್ತಾಗುತ್ತಿತ್ತು. ಅದರ ಬೆಲೆ ಕೆಲವು ನೂರು ರೂಪಾಯಿ. ಒತ್ತಡ ಜಾಸ್ತಿ ಅಂತ ಖಾತ್ರಿಯಾದರೆ ನಡುವೆ ಒಂದು ಸಣ್ಣ ತೊಟ್ಟಿ ಕಟ್ಟಬಹುದು. ನೀರು ಅಲ್ಲಿಗೆ ಬಿದ್ದು, ಒತ್ತಡ ಕಳೆದುಕೊಂಡು, ಅಲ್ಲಿಂದ ಹೊಸದಾಗಿ ಹೊರಡುತ್ತದೆ. ಎಂಜಿನಿಯರುಗಳು ಇದನ್ನು ಬ್ರೇಕ್ ಪ್ರೆಶರ್ ಟ್ಯಾಂಕ್ ಅನ್ನುತ್ತಾರೆ. ಒತ್ತಡ ಇಳಿಸುವ ವಾಲ್ವೂ ಸಿಗುತ್ತದೆ. ಆದರೆ ಕಾರಣ ಗೊತ್ತಿದ್ದವನು ತಾನೇ ಪಂಚಾಯಿತಿಯಲ್ಲಿ ಇದನ್ನು ಕೇಳೋದು?

ರಾತ್ರಿ ಹೊತ್ತೇ ಯಾಕೆ ಜಾಸ್ತಿ ಒಡೆಯುತ್ತದೆ ಅಂತ ಊರವರಿಗೆ ಆಶ್ಚರ್ಯ. ಯಾರೋ ಆಗದವರು ಕಡಿದಿದ್ದಾರೆ ಅಂತ ಜಗಳವೂ ಆಗಿದೆ. ರಾತ್ರಿ ನಲ್ಲಿಗಳೆಲ್ಲ ಬಂದ್ ಆಗಿರುತ್ತವೆ, ನೀರು ಓಡೋದಿಲ್ಲ, ಟ್ಯಾಂಕಿನ ಪೂರ್ತಿ ಭಾರ ಪೈಪಿನ ಮೇಲೆ ಬೀಳುತ್ತದೆ. ಇಷ್ಟು ತಿಳಿದಿದ್ದರೆ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತಿರಲಿಲ್ಲ.

ವಾಲ್ವ್ ಮುಚ್ಚುವ ರೀತಿಯೂ ಹಾಗೇ. ಇನ್ನೊಂದು ಕೇರಿಗೆ ನೀರು ಬಿಡುವ ಅವಸರದಲ್ಲಿ ಗರಗರ ತಿರುಗಿಸಿ ಮುಚ್ಚುತ್ತಾರೆ. ಪೈಪಿನಲ್ಲಿ ಓಡುತ್ತಿರುವ ನೀರನ್ನು ಗಕ್ಕನೆ ನಿಲ್ಲಿಸಿದರೆ ಅದು ಹಿಂದಕ್ಕೆ ಗುದ್ದುತ್ತದೆ. ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹೋಗುವ ನೀರು ಹಾಗೆ ನಿಂತರೆ ಕಬ್ಬಿಣದ ಪೈಪಿನಲ್ಲಿ ಒತ್ತಡ ಸುಮಾರು 10 ಕಿಲೋ ಏರಬಹುದು, ಪಿವಿಸಿಯಲ್ಲಿ 4 ಕಿಲೋ ಹತ್ತಿರ. ಇದು ಮೊದಲೇ ಇರುವ ಒತ್ತಡದ ಮೇಲೆ. ಇನ್ನೂ ಒಂದು ಸೂಕ್ಷ್ಮ ಇದೆ. ಗೇಟ್ ವಾಲ್ವನ್ನು ಅರ್ಧ ಮುಚ್ಚಿದರೂ ನೀರು ಅಷ್ಟೇನೂ ಕಡಿಮೆಯಾಗೋದಿಲ್ಲ, ಕೊನೆಯ ಕೆಲವು ಸುತ್ತಿನಲ್ಲೇ ಹಿಡಿತಕ್ಕೆ ಬರೋದು. ಹಾಗಾಗಿ ನಿಧಾನ ಬೇಕಿರೋದು ಕೊನೆಯಲ್ಲಿ. ನಮ್ಮವರು ಮಾಡೋದು ತದ್ವಿರುದ್ಧ. ಶುರುವಿನಲ್ಲಿ ಹುಷಾರು, ಕೊನೆಗೆ ಒಂದು ಜೋರು ತಿರುವು.

ಏರ್ ವಾಲ್ವ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದರೆ ಮಳೆಗಾಲದಲ್ಲಿ ನನ್ನ ಬಾಟಲಿ ಕಪ್ಪಾಗೋದಕ್ಕೂ ಇದಕ್ಕೂ ಸಂಬಂಧ ಇದೆ. ಲೈನು ದಿಬ್ಬ ಹತ್ತಿ ಇಳಿಯುವ ಕಡೆ ಗಾಳಿ ಸಿಕ್ಕಿಕೊಳ್ಳುತ್ತದೆ. ಅದನ್ನು ಹೊರಗೆ ಬಿಡೋದಕ್ಕೆ ದಿಬ್ಬದ ನೆತ್ತಿಯಲ್ಲಿ ಏರ್ ವಾಲ್ವ್ ಇಡುತ್ತಾರೆ. ನೀರು ನಿಂತು ಪೈಪು ಖಾಲಿಯಾಗುವಾಗ ಅದೇ ವಾಲ್ವ್ ಹೊರಗಿನ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಈಗ ಆ ವಾಲ್ವಿನ ಚೇಂಬರ್ ಹೇಗಿದೆ ನೋಡಿ. ಜುಲೈನಲ್ಲಿ ನಾನೇ ಮುಚ್ಚಳ ಎತ್ತಿ ನೋಡಿದ್ದೇನೆ. ಕುತ್ತಿಗೆವರೆಗೆ ಕೆಂಪು ನೀರು, ಅದರಲ್ಲಿ ಕೊಳೆತ ಎಲೆ, ಎರಡು ಕಪ್ಪೆ, ಗೋಡೆಗೆ ಅಂಟಿಕೊಂಡ ಉಂಬಳ. ವಾಲ್ವ್ ಪೂರ್ತಿ ಮುಳುಗಿದೆ. ಕರೆಂಟ್ ಹೋಗಿ ಲೈನ್ ಖಾಲಿಯಾದಾಗ ಅದು ಏನನ್ನು ಎಳೆದುಕೊಳ್ಳುತ್ತದೆ ಹೇಳಿ? ಮರುದಿನ ಬೆಳಿಗ್ಗೆ ಅದೇ ನೀರು ನಮ್ಮ ಬಿಂದಿಗೆಗೆ. ಆ ಚೇಂಬರಿಗೆ ತಳದಿಂದ ಒಂದು ತೂತು ಬಿಟ್ಟು ನೀರು ಇಳಿದು ಹೋಗುವಂತೆ ಮಾಡಿದರೆ, ಗೋಡೆಯನ್ನು ನೆಲದಿಂದ ಒಂದಡಿ ಎತ್ತರಿಸಿದರೆ ಕೆಲಸ ಮುಗಿಯಿತು. ಒಬ್ಬ ಗಾರೆಯವನ ಒಂದು ದಿನದ ಕೆಲಸ. ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ನಮ್ಮ ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗಳೂ ಮಳೆಯಲ್ಲಿ ತೀರಾ ಹಿಂದೇನಿಲ್ಲ. ಇಂಥ ಕಡೆ ಚೇಂಬರ್ ತುಂಬುತ್ತದೆ ಅಂತ ಮೊದಲೇ ಅಂದುಕೊಂಡು ಕಟ್ಟಬೇಕಲ್ವಾ?

ಲೀಕಿನ ವಿಚಾರವೂ ಇದೇ ಥರ. ನೀರು ಹೋಗುವಾಗ ಲೀಕಿನಿಂದ ಹೊರಗೆ ಚಿಮ್ಮುತ್ತದೆ, ಅದು ಎಲ್ಲರಿಗೂ ಕಾಣುತ್ತದೆ. ನೀರು ನಿಂತಾಗ ಅದೇ ತೂತಿನಿಂದ ಚರಂಡಿ ನೀರು ಒಳಗೆ ಬರುತ್ತದೆ, ಅದು ಯಾರಿಗೂ ಕಾಣೋದಿಲ್ಲ. ದಿನಕ್ಕೆ ಒಂದೆರಡು ಗಂಟೆ ಮಾತ್ರ ನೀರು ಬಿಡುವ ಊರುಗಳಲ್ಲಿ ಉಳಿದಷ್ಟೂ ಹೊತ್ತು ಈ ಅಪಾಯ ಇದ್ದೇ ಇರುತ್ತದೆ. ಲೈನಿಗೇ ನೇರ ಮೋಟಾರ್ ಹಚ್ಚಿ ಎಳೆಯುವವರಿದ್ದರಂತೂ ಕೇಳೋದೇ ಬೇಡ. ಒಬ್ಬರ ಮನೆಯ ಮೋಟಾರು ಇಡೀ ಕೇರಿಯ ಪೈಪಿಗೆ ಹೊಲಸು ಎಳೆಯಬಹುದು. ಪೋಲಾಗುವ ನೀರಿನ ಲೆಕ್ಕವನ್ನು ಪಿಯುಸಿ ಓದುವ ನನ್ನ ಮಗನ ಹತ್ತಿರ ಹಾಕಿಸಿದೆ. 3 ಕಿಲೋ ಒತ್ತಡ ಇರುವ ಲೈನಿನಲ್ಲಿ 6 ಮಿಲಿಮೀಟರಿನ ಒಂದು ತೂತು ಇದ್ದರೆ ಗಂಟೆಗೆ ಸುಮಾರು 1,400 ಲೀಟರ್ ಹೋಗುತ್ತದೆ. ಒಂದು ಹಗಲು ಒಂದು ರಾತ್ರಿಗೆ ಸುಮಾರು 34 ಸಾವಿರ ಲೀಟರ್. ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಸರ್ಕಾರದ ಲೆಕ್ಕ. ಅಂದರೆ 600 ಜನರ ನೀರು, ಪೆನ್ಸಿಲ್ ದಪ್ಪದ ಒಂದು ತೂತಿನಲ್ಲಿ. ನಮ್ಮ ಊರಿನ ಜನಸಂಖ್ಯೆಯೇ ಅಷ್ಟಿಲ್ಲ.

ಇದು ಬರೀ ನೀರು ಪೋಲಾಗುವ ಮಾತಲ್ಲ. 2022ರಲ್ಲಿ ರಾಯಚೂರು ನಗರದಲ್ಲಿ, 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತಿದ್ದನ್ನು ನಾವೆಲ್ಲ ಪೇಪರಿನಲ್ಲಿ ಓದಿದ್ದೇವೆ. ನಮ್ಮದು ಮಲೆನಾಡು, ಜರಿ ನೀರು ಶುದ್ಧ, ಇಲ್ಲಿ ಹಾಗೆಲ್ಲ ಆಗೋದಿಲ್ಲ ಅನ್ನುವವರು ಇದ್ದಾರೆ. ಜರಿ ಶುದ್ಧ ಇರಬಹುದು. ಕೊಟ್ಟಿಗೆ ಪಕ್ಕ, ಗೊಬ್ಬರದ ಗುಂಡಿ ಪಕ್ಕ ಹಾದು ಬರುವ ಪೈಪು ಶುದ್ಧ ಇರಬೇಕಲ್ಲ?

ಇನ್ನು ಕ್ಲೋರಿನ್. ಒಂದು ದಿನ ನಾನು ಪರೀಕ್ಷೆ ಮಾಡಿದಾಗ ಟ್ಯಾಂಕ್ ಹತ್ತಿರದ ಮನೆಯಲ್ಲಿ ಬಣ್ಣ ಕಡು ಹಳದಿ ಬಂತು, ಮೂಗಿಗೂ ಘಾಟು. ಕೊನೆಯ ಮನೆಯಲ್ಲಿ ಬಣ್ಣವೇ ಇಲ್ಲ. ನೀರುಗಂಟಿಯನ್ನು ಕೇಳಿದೆ: "ಅಣ್ಣ, ಪೌಡರ್ ಎಷ್ಟು ಹಾಕ್ತೀಯ?"

"ಎರಡು ಬೊಗಸೆ ಅಕ್ಕ. ಮಳೆಗಾಲ ಅಂದ್ರೆ ಮೂರು."

"ಯಾರು ಹೇಳಿದ್ದು?"

"ಯಾರು ಹೇಳ್ತಾರೆ ಮಾರಾಯ್ತಿ? ಮುಂಚಿಂದ ಹಾಗೇ."

ಇದರ ಲೆಕ್ಕ ಕಷ್ಟದ್ದಲ್ಲ. 50 ಸಾವಿರ ಲೀಟರಿನ ಟ್ಯಾಂಕಿಗೆ ಲೀಟರಿಗೆ 2 ಮಿಲಿಗ್ರಾಂನಂತೆ ಕ್ಲೋರಿನ್ ಬೇಕು ಅಂತಿಟ್ಟುಕೊಳ್ಳಿ. ಒಟ್ಟು 100 ಗ್ರಾಂ ಆಯಿತು. ಬ್ಲೀಚಿಂಗ್ ಪೌಡರಿನಲ್ಲಿ ಶೇಕಡಾ 25ರಷ್ಟು ಕ್ಲೋರಿನ್ ಇದ್ದರೆ 400 ಗ್ರಾಂ ಪೌಡರ್ ಸಾಕು. ಆದರೆ ಪೌಡರಿನ ಶಕ್ತಿ ದಿನದಿನಕ್ಕೂ ಇಳಿಯುತ್ತದೆ. ತೇವ, ಸೆಕೆ ತಾಗಿದರೆ ಇನ್ನೂ ಬೇಗ. ಚೀಲದ ಬಾಯಿ ಬಿಚ್ಚಿ ಪಂಪ್‌ಹೌಸ್ ಮೂಲೆಯಲ್ಲಿಟ್ಟರೆ ನಮ್ಮ ಆಷಾಢದ ಥಂಡಿಗೆ ಅದು ಗಟ್ಟಿ ಹೆಂಟೆಯಾಗುತ್ತದೆ. ಶಕ್ತಿ ಶೇಕಡಾ 10ಕ್ಕೆ ಇಳಿದಿದ್ದರೆ ಅದೇ ಟ್ಯಾಂಕಿಗೆ 1 ಕಿಲೋ ಬೇಕು. ಬೊಗಸೆಯ ಅಳತೆಗೆ ಇದು ಹೇಗೆ ಸಿಕ್ಕೀತು? ಹಾಗಾಗಿ ನಂಬಬೇಕಿರೋದು ಕೊನೆಯ ಮನೆಯ ನಲ್ಲಿಯನ್ನು. ಅಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ ಭಾರತೀಯ ಮಾನಕ ಹೇಳುತ್ತದೆ. ಅಲ್ಲಿ ಕಡಿಮೆ ಕಂಡರೆ ಇಲ್ಲಿ ಹೆಚ್ಚಿಸಬೇಕು. ನನ್ನ ಕಿಟ್ಟೂ ಅವನ ಪೌಡರ್ ಡಬ್ಬವೂ ಒಟ್ಟಿಗೆ ಕೆಲಸ ಮಾಡಬೇಕು. ನಮ್ಮಿಬ್ಬರನ್ನೂ ಒಂದೇ ಕಡೆ ಕೂರಿಸಿ ಕಲಿಸಿ ಅಂತ ಕೇಳೋದು ಇದಕ್ಕೇ.

ಪೌಡರನ್ನು ಸೀದಾ ಟ್ಯಾಂಕಿಗೆ ಸುರಿಯೋದೂ ತಪ್ಪು. ಬಕೆಟ್ಟಿನಲ್ಲಿ ನೀರು ತಗೊಂಡು, ಪೌಡರ್ ಹಾಕಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ಮೇಲಿನ ತಿಳಿ ಮಾತ್ರ ಹಾಕಬೇಕು. ಹಾಕಿದ ಮೇಲೆ ಅರ್ಧ ಗಂಟೆಯಾದರೂ ಬಿಟ್ಟು ನೀರು ಬಿಡಬೇಕು. ಒಡೆದ ಪೈಪು ರಿಪೇರಿ ಮಾಡಿದ ಮೇಲೂ ಹಾಗೇ ನೀರು ಬಿಡಬಾರದು. ಕ್ಲೋರಿನ್ ನೀರಿನಲ್ಲಿ ತೊಳೆದು, ಕೆಳಗಿನ ವಾಷ್‌ಔಟ್ ವಾಲ್ವ್ ತೆಗೆದು ಮೊದಲ ನೀರನ್ನು ಹೊರಗೆ ಬಿಡಬೇಕು. ಎಷ್ಟೋ ಕಡೆ ವಾಷ್‌ಔಟ್ ವಾಲ್ವ್ ಎಲ್ಲಿದೆ ಅಂತಲೇ ಗೊತ್ತಿಲ್ಲ. ಕಂಟ್ರಾಕ್ಟರ್ ಹೋದ ಮೇಲೆ ಅದರ ಮೇಲೆ ರಸ್ತೆ ಬಂತು, ಇಲ್ಲವೇ ಯಾರದ್ದೋ ಬೇಲಿ ಬಂತು.

ಲೈನಿನ ನಕ್ಷೆ ಅಂತೂ ನೀರುಗಂಟಿಯ ತಲೆಯೊಳಗೆ ಮಾತ್ರ ಇದೆ. ಅವನಿಗೆ ಜ್ವರ ಬಂದರೆ ಊರಿಗೆ ನೀರಿಲ್ಲ. ಅವನು ಕೆಲಸ ಬಿಟ್ಟರೆ ನಕ್ಷೆಯೂ ಹೋಯಿತು. ತರಬೇತಿಯ ಮೊದಲ ಕೆಲಸವೇ ನಕ್ಷೆ ಆಗಲಿ ಅನ್ನೋದು ನನ್ನ ಆಸೆ. ಪ್ರತಿ ವಾಲ್ವ್, ಪ್ರತಿ ತಿರುವು, ಪೈಪಿನ ಸೈಜು, ಕ್ಲಾಸು, ಎಷ್ಟು ಆಳದಲ್ಲಿದೆ ಎಲ್ಲ ಒಂದು ಹಾಳೆಯ ಮೇಲೆ ಬರಲಿ. ಒಂದು ಪ್ರತಿ ಪಂಚಾಯಿತಿ ಗೋಡೆಗೆ, ಒಂದು ಜೆಸಿಬಿಯವರ ಕೈಗೆ. ಕೇಬಲ್ಲಿಗೆ ಅಗೆಯುವವರು, ರಸ್ತೆ ಅಗಲ ಮಾಡುವವರು ಕೇಳದೆ ಬಕೆಟ್ ಇಳಿಸುತ್ತಾರೆ. ಅಗೆಯುವ ಮುಂಚೆ ತಿಳಿಸಿ ಅಂತ ಕೇಂದ್ರ ಸರ್ಕಾರ 2023ರಲ್ಲಿ ಒಂದು ಆ್ಯಪ್ ತಂದಿದೆ. ನಮ್ಮ ಹಳ್ಳಿಯ ಪೈಪು ಯಾವ ಕಾಗದದಲ್ಲೂ ಇಲ್ಲದ ಮೇಲೆ ಆ್ಯಪ್ ಏನು ತೋರಿಸುತ್ತದೆ ಪಾಪ?

ಈಗ ಅವರ ಜೀವದ ಮಾತು. ಇದನ್ನು ಬರೆಯುವಾಗ ನನಗೆ ಸ್ವಲ್ಪ ಸಿಟ್ಟೇ ಬರುತ್ತದೆ.

ಮಳೆಗಾಲದಲ್ಲಿ ಪಂಪ್‌ಹೌಸಿನ ಸ್ಟಾರ್ಟರ್ ಬಾಕ್ಸ್ ಬೆವರುತ್ತದೆ. ಗೋಡೆ ಒದ್ದೆ, ನೆಲ ಒದ್ದೆ, ನೀರುಗಂಟಿಯ ಕಾಲಲ್ಲಿ ಹವಾಯಿ ಚಪ್ಪಲಿ. ಮೂರು ಫೇಸಿನ ಕರೆಂಟು. ಮೋಟಾರ್ ತಗೊಳ್ಳದಿದ್ದರೆ ಬಾಕ್ಸಿನ ಬಾಗಿಲು ತೆಗೆದು ಒಣ ಕಡ್ಡಿಯಲ್ಲಿ ತಟ್ಟುತ್ತಾನೆ. ಅರ್ಥಿಂಗ್ ತಂತಿ ಇದೆಯೋ, ತುಕ್ಕು ಹಿಡಿದು ಕಡಿದು ಹೋಗಿದೆಯೋ ನೋಡಿದವರಿಲ್ಲ. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಮುಟ್ಟಬೇಕಾದವರು ಲೈನ್‌ಮನ್, ಬೇರೆ ಯಾರೂ ಅಲ್ಲ. ಆದರೆ ಸಂಜೆಯೊಳಗೆ ನೀರು ಬಿಡು ಅಂತ ಹತ್ತು ಫೋನ್ ಬಂದರೆ ಪಾಪದವನು ಏನು ಮಾಡಿಯಾನು? ಯಾವುದನ್ನು ಮುಟ್ಟಬಾರದು ಅನ್ನೋದನ್ನೂ ಕಲಿಸಬೇಕು. "ನಾನು ಮುಟ್ಟೋದಿಲ್ಲ" ಅಂತ ಅವನು ಹೇಳಿದಾಗ ಅವನ ಬೆನ್ನಿಗೆ ನಿಲ್ಲುವ ಒಂದು ಲಿಖಿತ ಆದೇಶವೂ ಬೇಕು. ಪಂಪ್‌ಹೌಸಿನಲ್ಲಿ ಒಂದು ರಬ್ಬರ್ ಮ್ಯಾಟ್, ಒಂದು ಒಳ್ಳೆ ಟೆಸ್ಟರ್, ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಬ್ರೇಕರ್ ಇಡೋಕೆ ಎಷ್ಟು ಖರ್ಚಾಗುತ್ತದೆ?

ಟ್ಯಾಂಕ್ ತೊಳೆಯುವಾಗ ಒಬ್ಬನೇ ಇಳಿಯುತ್ತಾನೆ. ಮುಚ್ಚಿದ ತೊಟ್ಟಿ, ಸಂಪು, ಆಳದ ಚೇಂಬರಿನಲ್ಲಿ ಉಸಿರಾಡುವ ಗಾಳಿ ಕಡಿಮೆ ಇರಬಹುದು. ಒಳಗೆ ಬ್ಲೀಚಿಂಗ್ ಘಾಟೂ ಸೇರಿದರೆ ತಲೆ ತಿರುಗಲು ಹೆಚ್ಚು ಹೊತ್ತು ಬೇಡ. ಮುಚ್ಚಳ ತೆಗೆದು ಗಾಳಿಯಾಡಲು ಬಿಟ್ಟು, ಸೊಂಟಕ್ಕೆ ಹಗ್ಗ ಕಟ್ಟಿ, ಮೇಲೆ ಒಬ್ಬರು ನಿಂತಿದ್ದರೆ ಮಾತ್ರ ಇಳಿಯಬೇಕು. ಒಳಗಿರುವವನು ಬಿದ್ದರೆ ಮೇಲಿನವನು ಗಡಿಬಿಡಿಯಲ್ಲಿ ಹಾರಬಾರದು, ಹಗ್ಗ ಎಳೆಯಬೇಕು. ಒಬ್ಬನನ್ನು ಉಳಿಸಲು ಹೋಗಿ ಇನ್ನೊಬ್ಬ ಸಾಯೋದು ಇಂಥ ಕಡೆಗಳಲ್ಲೇ. ಪೈಪಿಗೆ ತೋಡಿದ ಗುಂಡಿಯೂ ಅಪಾಯವೇ. ನಮ್ಮ ಮಣ್ಣು ಮಳೆಯಲ್ಲಿ ಹೇಗೆ ಜಾರುತ್ತದೆ ಅಂತ ಧರೆ ಕುಸಿತ ನೋಡಿದವರಿಗೆಲ್ಲ ಗೊತ್ತು. ಒಂದೂವರೆ ಮೀಟರಿಗಿಂತ ಆಳದ ಗುಂಡಿಗೆ ಬದಿಯಲ್ಲಿ ಹಲಗೆ ಕೊಡದೆ ಇಳಿಯಬಾರದು.

ಶಿವಮೊಗ್ಗ, ಭದ್ರಾವತಿ, ಸಾಗರದಂಥ ಊರುಗಳ ನೀರು ಕೆಲಸದವರನ್ನೂ ಇದಕ್ಕೆ ಸೇರಿಸಿ. ಕ್ಲೋರಿನ್ ಸಿಲಿಂಡರ್ ಬಳಸುವ ಶುದ್ಧೀಕರಣ ಘಟಕಗಳಲ್ಲಿ ಅಪಾಯವೇ ಬೇರೆ. ಆ ಗ್ಯಾಸು ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ, ನೆಲ ಹಿಡಿದು ಹರಿಯುತ್ತದೆ. ಸೋರಿದರೆ ತಗ್ಗಿಗೆ ಓಡಬಾರದು, ಗಾಳಿಗೆ ಅಡ್ಡಲಾಗಿ ಎತ್ತರಕ್ಕೆ ಹೋಗಬೇಕು. ಸೋರುವ ಸಿಲಿಂಡರಿಗೆ ನೀರು ಹೊಯ್ಯಬಾರದು, ಹೊಯ್ದರೆ ತೂತು ಇನ್ನೂ ದೊಡ್ಡದಾಗುತ್ತದೆ.

ಮೈಸೂರಿನಲ್ಲೋ ದೆಹಲಿಯಲ್ಲೋ ಬರೆದ ಯಾವ ತರಬೇತಿ ಪುಸ್ತಕದಲ್ಲೂ ಸಿಗದ ಅಪಾಯ ಇನ್ನೊಂದಿದೆ. ನಮ್ಮ ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಕಂಡಿದ್ದು, 2019ರಲ್ಲಿ ಸಾಗರದ ಅರಳಗೋಡಿನಲ್ಲಿ ಜೀವಗಳನ್ನೇ ತೆಗೆಯಿತು. ಉಣುಗಿನಿಂದ ಬರುವ ಈ ಕಾಯಿಲೆ ಜಾಸ್ತಿ ಇರೋದು ಡಿಸೆಂಬರಿನಿಂದ ಮೇ ತನಕ. ಜರಿಯ ನೀರು ಇಳಿಯೋದೂ ಅದೇ ತಿಂಗಳುಗಳಲ್ಲಿ. ನೀರು ಕಡಿಮೆಯಾಯಿತು ಅಂತ ನೀರುಗಂಟಿ ಕಾನಿನೊಳಗೆ ಮೂಲದವರೆಗೆ ಹೋಗಿ ದರಗು ಬಾಚಿ, ಪೈಪಿನ ಬಾಯಿ ಬಿಡಿಸಿ ಬರುತ್ತಾನೆ. ಕಾಡಂಚಿನ ಜನರಿಗೆ ಆರೋಗ್ಯ ಇಲಾಖೆ ಉಣುಗು ಹತ್ತದಂತೆ ಹಚ್ಚಿಕೊಳ್ಳುವ ಡೆಪಾ ಎಣ್ಣೆ ಕೊಡುತ್ತದೆ. ಆ ಪಟ್ಟಿಯಲ್ಲಿ ನೀರುಗಂಟಿಯ ಹೆಸರು ಮೊದಲು ಇರಬೇಕು. ಕೈಕಾಲಿಗೆ ಎಣ್ಣೆ ಹಚ್ಚೋದು, ಬಂದ ಕೂಡಲೇ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಮೀಯೋದು, ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ತಿಳಿಸೋದು ಇವೆಲ್ಲ ನೀರಿನ ತರಬೇತಿಯೊಳಗೇ ಬರಲಿ. ಮಳೆಗಾಲದ ಇಲಿಜ್ವರವೂ ಬರಲಿ. ಕೆಸರಿನಲ್ಲಿ ಬರಿಗಾಲಲ್ಲಿ ನಿಲ್ಲುವವರಿಗೆ ಗಂಬೂಟು ಕೊಡದೆ ಅದರ ಬಗ್ಗೆ ಭಾಷಣ ಮಾತ್ರ ಬೇಡ.

ಹೇಗೆ ಕಲಿಸಬೇಕು ಅಂತ ಕೇಳಿದರೆ, ಮೊದಲು ಹೇಗೆ ಕಲಿಸಬಾರದು ಅಂತ ಹೇಳಿಬಿಡುತ್ತೇನೆ. ತಾಲ್ಲೂಕು ಕೇಂದ್ರದಲ್ಲಿ ಬ್ಯಾನರ್, ದೀಪ ಬೆಳಗೋದು, ಉಪ್ಪಿಟ್ಟು ಕೇಸರಿಬಾತ್, ಪ್ರೊಜೆಕ್ಟರಿನಲ್ಲಿ ಇಂಗ್ಲಿಷ್ ಚಿತ್ರಗಳು, ಮಧ್ಯಾಹ್ನದ ಮೇಲೆ ಎಲ್ಲರಿಗೂ ನಿದ್ದೆ, ಕೊನೆಗೆ ಸರ್ಟಿಫಿಕೇಟು, ಗ್ರೂಪ್ ಫೋಟೊ. ಆ ದಿನ ಊರಿಗೆ ನೀರು ಬಿಟ್ಟಿಲ್ಲ ಅಂತ ಮರುದಿನ ಅವನಿಗೆ ಬೈಗುಳ. ಇಂಥದ್ದು ದಯವಿಟ್ಟು ಬೇಡ.

ನಾಲ್ಕೈದು ಪಂಚಾಯಿತಿಯ ನೀರುಗಂಟಿಗಳನ್ನು ಸೇರಿಸಿ, ಒಂದು ಊರಿನ ಲೈನನ್ನೇ ಮೇಲಿನಿಂದ ಕೆಳಗಿನವರೆಗೆ ನಡೆಸಿ ಕಲಿಸಿ. ಗೇಜ್ ಹಚ್ಚಿ ಒತ್ತಡ ನೋಡಲಿ. ನಿಜವಾದ ಲೀಕ್ ಹುಡುಕಲಿ, ನಿಜವಾಗಿ ರಿಪೇರಿ ಮಾಡಲಿ, ತೂಕ ಮಾಡಿ ಪೌಡರ್ ಹಾಕಲಿ, ಕೊನೆಯ ಮನೆಯಲ್ಲಿ ನಾವು ಹೆಂಗಸರು ಪರೀಕ್ಷೆ ಮಾಡಿ ತೋರಿಸುತ್ತೇವೆ. ಅನುಭವಿ ನೀರುಗಂಟಿಗಳಲ್ಲೇ ಇಬ್ಬರನ್ನು ಗುರುಗಳನ್ನಾಗಿ ಮಾಡಿ, ಅವರಿಗೆ ಗೌರವಧನ ಕೊಡಿ. ಕಿವಿಯಿಂದ ಲೀಕ್ ಹಿಡಿಯೋದನ್ನು ಯಾವ ಎಂಜಿನಿಯರ್ ಕಲಿಸುತ್ತಾರೆ? ಪೈಪು ಬೆಸೆಯೋದು, ಮೋಟಾರು, ಸ್ಟಾರ್ಟರ್ ಇವಕ್ಕೆ ಜಿಲ್ಲೆಯ ಐಟಿಐಗಳಲ್ಲಿ ಪ್ಲಂಬರ್, ಎಲೆಕ್ಟ್ರಿಷಿಯನ್ ಕಲಿಸುವ ಮೇಷ್ಟ್ರುಗಳಿದ್ದಾರೆ, ಅವರನ್ನು ಕರೆಸಿ. ಕೆಲಸದ ದಿನದ ಕೂಲಿ ಕಡಿಯಬೇಡಿ. ಆ ದಿನ ಪಕ್ಕದ ಪಂಚಾಯಿತಿಯವರು ಬಂದು ನೀರು ಬಿಡಲಿ, ಇನ್ನೊಂದು ದಿನ ಇವರು ಅಲ್ಲಿಗೆ ಹೋಗಲಿ. ಅಡಿಕೆ ಸುಗ್ಗಿ ಮುಗಿದ ಮೇಲೆ, ಮಳೆ ಹಿಡಿಯುವ ಮುಂಚೆ ಮೊದಲ ಸುತ್ತು ಮಾಡಿ. ಎರಡನೇ ಸುತ್ತು ಮಳೆಗಾಲದ ಮಧ್ಯದಲ್ಲೇ ಇರಲಿ. ಚೇಂಬರ್ ಹೇಗೆ ತುಂಬುತ್ತದೆ ಅಂತ ಕಲಿಸುವವರೂ ಕಣ್ಣಾರೆ ನೋಡಲಿ.

ಕಲಿತ ಮೇಲೆ ಸಾಮಾನು ಬೇಕು. ಗೇಜ್, ತಕ್ಕಡಿ, ಕ್ಲೋರಿನ್ ನೋಡುವ ಡಬ್ಬಿ, ಕೈಗವಸು, ಮಾಸ್ಕ್, ಗಂಬೂಟು, ಹಗ್ಗ ಮತ್ತು ಬೆಲ್ಟು, ಸರಿಯಾದ ಸೈಜಿನ ರಿಪೇರಿ ಕ್ಲ್ಯಾಂಪು ಪ್ರತಿ ಪಂಚಾಯಿತಿಗೂ ಇರಲಿ. ಎಚ್‌ಡಿಪಿಇ ಬೆಸೆಯುವ ಮೆಷಿನ್ ಹೋಬಳಿಗೊಂದು ಇದ್ದರೆ ಸಾಕು.

ಇದಕ್ಕೆಲ್ಲ ಹೊಸ ಕಾನೂನೇನೂ ಬೇಡ. ಹಳ್ಳಿಯ ಹುಡುಗರಿಗೇ ಪ್ಲಂಬಿಂಗ್, ಪಂಪು, ರಿಪೇರಿ ಎಲ್ಲ ಒಟ್ಟಿಗೆ ಕಲಿಸುವ ನಲ್ ಜಲ್ ಮಿತ್ರ ಕಾರ್ಯಕ್ರಮ ಜಲ ಜೀವನ್ ಮಿಷನ್‌ನಲ್ಲೇ ಇದೆ. 15ನೇ ಹಣಕಾಸು ಆಯೋಗ ಪಂಚಾಯಿತಿಗಳ ಅನುದಾನದಲ್ಲಿ ಶೇಕಡಾ 60ರಷ್ಟನ್ನು ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಕಟ್ಟಿಟ್ಟಿತ್ತು. ತರಬೇತಿ ಕೊಡೋದಕ್ಕೆ ಮೈಸೂರಿನಲ್ಲಿ ರಾಜ್ಯ ಗ್ರಾಮೀಣಾಭಿವೃದ್ಧಿ ಸಂಸ್ಥೆ ಇದೆ, ಅದಕ್ಕೆ ಅಬ್ದುಲ್ ನಜೀರ್ ಸಾಬರ ಹೆಸರಿದೆ. 80ರ ದಶಕದಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಹಾಕಿಸಿ ನೀರ್ ಸಾಬ್ ಅನ್ನಿಸಿಕೊಂಡವರು ಅವರು. ಅವರ ಹೆಸರಿನ ಸಂಸ್ಥೆಯಿಂದ ನೀರುಗಂಟಿಗೊಂದು ಪಾಠ ನಮ್ಮ ಗುಡ್ಡಕ್ಕೆ ಬರಲಿ ಅಂತ ಕೇಳೋದು ಜಾಸ್ತಿ ಆಯಿತಾ?

ಊರಿನವರಿಗೂ ಒಂದು ಮಾತು. ಲೈನಿಗೆ ಮೋಟಾರ್ ಹಚ್ಚಬೇಡಿ. ವಾಲ್ವ್ ಚೇಂಬರಿಗೆ ತೋಟದ ಕಸ ಹಾಕಬೇಡಿ. ನೀರು ಒಂದು ದಿನ ಬರಲಿಲ್ಲ ಅಂದರೆ ಅವನಿಗೆ ಫೋನ್ ಮಾಡಿ ಬೈಯ್ಯುವ ಮುಂಚೆ ಹಿಂದಿನ ರಾತ್ರಿ ಅವನು ಎಷ್ಟು ಹೊತ್ತಿಗೆ ಮಲಗಿದ್ದ ಅಂತ ಕೇಳಿ.

ಮೊದಲ ತರಬೇತಿಗೆ ನಮ್ಮೂರ ಲೈನನ್ನೇ ತಗೊಳ್ಳಿ. ಇಳಿಜಾರು ಇದೆ, ಒಡೆಯುವ ಜಾಗ ಇದೆ, ಮುಳುಗಿದ ಏರ್ ವಾಲ್ವ್ ಇದೆ, ಕಲಿಸೋಕೆ ಬೇಕಾದ್ದೆಲ್ಲ ಒಂದೇ ಕಡೆ ಸಿಗುತ್ತದೆ. ದೇವಸ್ಥಾನದ ಚಪ್ಪರದಲ್ಲಿ ಕೂರಲು ಜಾಗ ಮಾಡಿಸುತ್ತೇವೆ. ಮಧ್ಯಾಹ್ನದ ಊಟ ನಮ್ಮ ಸಂಘದ್ದು. ಬರುವ ಮೇಷ್ಟ್ರು ಪ್ರೆಶರ್ ಗೇಜ್ ಒಂದನ್ನು ಮಾತ್ರ ಮರೆಯದೆ ತರಬೇಕು, ಅದು ನಮ್ಮಲ್ಲಿ ಇಲ್ಲ.

ಇಂತಿ ನಮಸ್ಕಾರಗಳು,
ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಒಬ್ಬ ಸದಸ್ಯೆ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ